ಫ್ಯಾನಿದ್ದ ಗ್ರಾಫಿಕ್ಸ್ ಕಾರ್ಡು

ಮೊನ್ನೆ ಮಗಳ ಕಂಪ್ಯೂಟರ್ ಬಿಚ್ಚಿ ಧೂಳು ಒರೆಸುವಾಗ ಬಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆಗೆ ಪುಣೆಯ ಆ ಅಂಗಡಿ ನೆನಪಾಯಿತು.

ಆಗ ನಾನು ಎಂಟನೇ ತರಗತಿಯ ಹುಡುಗಿ. ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಟ ತಡವರಿಸುತ್ತಿದ್ದುದರಿಂದ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಡಿಸಲು ಅಪ್ಪ ಒಪ್ಪಿದ್ದ. ಅಂಗಡಿಯವನು ಎರಡು ಕಾರ್ಡು ಹಾಕಿ ತೋರಿಸಿದ. ಒಂದಕ್ಕೆ ಫ್ಯಾನೇ ಇರಲಿಲ್ಲ. ಸದ್ದಿಲ್ಲ, ಆದರೆ ವೇಗವೂ ಕಡಿಮೆ. ಇನ್ನೊಂದರಲ್ಲಿ ಕಾರು ಸರಾಗವಾಗಿ ಓಡಿತು. ಅದರ ಪುಟ್ಟ ಫ್ಯಾನ್ ಮಾತ್ರ ಮಿಕ್ಸರಿನಂತೆ ಕಿರುಚುತ್ತಿತ್ತು. ನನಗೆ ಅದೇ ಬೇಕಿತ್ತು.

"ಅದು ಬ್ಯಾಡ," ಎಂದಳು ಅವ್ವ. ಅಪ್ಪ ಭೋಸರಿಯ ಕಾರ್ಖಾನೆಯಲ್ಲಿ ಧಡಧಡನೆ ತಗಡು ಒತ್ತುವ ಯಂತ್ರದ ಮೇಲೆ ರಾತ್ರಿಪಾಳಿ ಮಾಡುತ್ತಿದ್ದ. ಹಗಲು ಮಲಗುತ್ತಿದ್ದುದು ಕಂಪ್ಯೂಟರ್ ಇದ್ದ ಕೋಣೆಯಲ್ಲೇ. "ಇಷ್ಟು ಸಪ್ಪಳದಾಗ ನಿಮಗ ನಿದ್ದಿ ಹೆಂಗ ಬರ್ತದ್ರಿ?"

"ಎಲ್ಲಿ ಅದ ಸಪ್ಪಳ?" ಅಪ್ಪ ಬಗ್ಗಿ ಫ್ಯಾನಿಗೆ ಕಿವಿಯೊಡ್ಡಿದ. ಆಮೇಲೆ ಅಂಗೈ ಹಿಡಿದು ನೋಡಿದ. "ಗಾಳಿ ಬರ್ಲಿಕತ್ತದ, ಅಷ್ಟ."

ನನಗೆ ಕೊಡಿಸಬೇಕೆಂದೇ ಹಾಗೆ ಹೇಳುತ್ತಿದ್ದಾನೆಂದು ನಾನು ನಕ್ಕೆ. ಅವ್ವ ನಗಲಿಲ್ಲ.

"ಖರೇನ ಕೇಳಸಂಗಿಲ್ಲೇನ್ರಿ?" ಎಂದು ಅವನ ಬೆನ್ನ ಹಿಂದೆ ನಿಂತು ಮೆಲ್ಲಗೆ ಕೇಳಿದಳು. ಅಪ್ಪ ತಿರುಗಲಿಲ್ಲ. ಅವ್ವ ಅಂಗಡಿಯವನಿಗೆ ಮರಾಠಿಯಲ್ಲಿ ಫ್ಯಾನಿದ್ದದ್ದನ್ನೇ ಕಟ್ಟಿಕೊಡಲು ಹೇಳಿದಳು.

ಪೆಟ್ಟಿಗೆಯನ್ನು ಎದೆಗವುಚಿಕೊಂಡು ನಾನು ಮುಂದೆ ಓಡಿದೆ. ರಸ್ತೆಯ ಅಂಚಿನಲ್ಲಿ ಹಿಂತಿರುಗಿ ನೋಡಿದರೆ, ಬಸ್ಸುಗಳು ಬರುವ ಬದಿಗೆ ಅವ್ವ ತಾನು ಬಂದು, ಅಪ್ಪನ ಮಣಿಕಟ್ಟು ಹಿಡಿದುಕೊಂಡಿದ್ದಳು. ಬೀದಿಯಲ್ಲಿ ಅವರು ಹಾಗೆ ನಡೆದದ್ದನ್ನು ನಾನು ಎಂದೂ ಕಂಡಿರಲಿಲ್ಲ.