ಇನ್ನೂ ಯಾರಿಗೂ ಗೊತ್ತಾಗಿಲ್ಲ

ರಾಜಶ್ರೀಯ ಎಮ್ಮೆಸ್ಸಿ ಪ್ರಬಂಧದ ಕೊನೆಯ ಸಾಲಿನ ಮೇಲೆ ಪರೀಕ್ಷಕರು ಕೆಂಪು ಪೆನ್ನಿನಿಂದ ಗೀಟು ಎಳೆದರು. ‘ಈ ಅತಿವಾಹಕ ಬಿಲ್ಲೆಯೊಳಗೆ ಎಲೆಕ್ಟ್ರಾನುಗಳನ್ನು ಜೋಡಿ ಮಾಡುವುದು ಯಾವುದೆಂದು ಇನ್ನೂ ಯಾರಿಗೂ ಖಚಿತವಾಗಿ ಗೊತ್ತಾಗಿಲ್ಲ’ ಎಂಬ ಸಾಲು ಅದು.

“ಗೊತ್ತಿಲ್ಲ ಅಂತ ಯಾರರ ಬರೀತಾರೇನವಾ? ಒಂದನ್ನೊಂದು ದೂಡೋ ಎಲೆಕ್ಟ್ರಾನ್‌ಗಳನ್ನ ಹರಳಿನ ಕಂಪನ ಜೋಡಿ ಮಾಡ್ತದ. ಪುಸ್ತಕದಾಗ ಐತಿ. ಅದನ್ನ ಬರದ್ರ ಪಾಸ್ ಮಾಡ್ತೇನಿ.”

“ಅದು ಸೀಸ, ತವರಕ್ಕ ಖರೆ ಐತ್ರಿ ಸರ್. ಇದಕ್ಕ ಸಾಲೂದಿಲ್ಲ,” ಎಂದವಳೇ ಅವಳು, ಕಾಲೇಜಿನ ಕುಲುಮೆಯಲ್ಲಿ ಮೂರು ಸಲ ಸೀಳಿ ನಾಲ್ಕನೆಯ ಸಲ ಗಟ್ಟಿಯಾಗಿ ಬಂದಿದ್ದ ಕಪ್ಪು ಬಿಲ್ಲೆಯನ್ನು ಥರ್ಮೋಕೋಲ್ ಬಟ್ಟಲಿಗೆ ಹಾಕಿದಳು. ಹುನಗುಂದದ ಪಶು ದವಾಖಾನೆಯಲ್ಲಿ ಹೋರಿಗಳ ವೀರ್ಯ ಕಾಪಿಡುವ ದ್ರವ ಸಾರಜನಕವನ್ನು ಅವಳ ಅಪ್ಪ ಹುಲ್ಲಪ್ಪ ಅಲ್ಲಿನ ಡಾಕ್ಟರರನ್ನು ಕೇಳಿ ತಂದುಕೊಟ್ಟಿದ್ದ. ಅದನ್ನು ಬಿಲ್ಲೆಯ ಮೇಲೆ ಸುರಿದಳು. ಬುಸುಗುಟ್ಟಿದ ಹೊಗೆ ಇಳಿದ ಮೇಲೆ ಚಿಮಟದಿಂದ ಪುಟ್ಟ ಅಯಸ್ಕಾಂತವೊಂದನ್ನು ಬಿಟ್ಟಳು. ಅದು ಬಿಲ್ಲೆಯನ್ನು ಮುಟ್ಟದೆ ಗಾಳಿಯಲ್ಲೇ ನಿಂತಿತು.

“ಒಳಗ ಜೋಡಿ ಆಗ್ಯಾವ, ಅದಕ್ಕ ತೇಲಾಕತ್ತೈತಿ. ಯಾರು ಜೋಡಿಸಿದ್ರು? ಪುಸ್ತಕ ಬಿಟ್ಟು ನೀವಽ ಹೇಳ್ರಿ ಸರ್.”

ಪರೀಕ್ಷಕರು ಪೆನ್ನಿನ ತುದಿಯಿಂದ ಅಯಸ್ಕಾಂತವನ್ನು ಕೆಳಕ್ಕೆ ಒತ್ತಿದರು. ಅದು ಮತ್ತೆ ಮೇಲೆದ್ದಿತು. ರಾಜಶ್ರೀ ಪರೀಕ್ಷಕರ ಕೈಯಿಂದ ಪೆನ್ನು ತೆಗೆದುಕೊಂಡು, ಗೀಟಿನ ಕೆಳಗೆ ಅದೇ ಸಾಲನ್ನು ಕೆಂಪಕ್ಷರದಲ್ಲಿ ಬರೆದು, ಪೆನ್ನನ್ನು ವಾಪಸು ಕೊಟ್ಟಳು.

“ಇನ್ನೊಮ್ಮೆ ಗೀಟು ಹೊಡೀರಿ. ಇನ್ನೊಮ್ಮೆ ಬರೀತೇನಿ.”