ಏಳೂ ಮುಕ್ಕಾಲರ ಬಸ್ಸು

ಮಲ್ಲಿಕಾ ನುಡಿಸಿ ಮುಗಿಸುವ ಮೊದಲೇ ವಿಘ್ನೇಶ ಎದ್ದು ನಿಂತ. "ಟೀಚರ್, ಇದು ಅವಳು ಮಾಡಿದ್ದಲ್ಲ. ಬಸ್ಸಿನ ಹಾರ್ನ್ ಇದು. ಅವಳ ಅಜ್ಜ ದಿನಾ ಗುನುಗ್ತಾರೆ, ನಮ್ಮನೆಗೂ ಕೇಳ್ತದೆ."

ಹಿರೇಕೊಡಿಗೆ ಶಾಲೆಯ ನಾಲ್ಕನೇ ತರಗತಿ ಗೊಳ್ಳೆಂದು ನಕ್ಕಿತು. ಶ್ರೀವಿದ್ಯಾ ಟೀಚರ್ ಒಂದು ತಿಂಗಳಿಂದ ಮಕ್ಕಳಿಗೆ ರೆಕಾರ್ಡರ್ ಎಂಬ ಬಿಳಿ ಪ್ಲಾಸ್ಟಿಕ್ ಕೊಳಲು ಕಲಿಸುತ್ತಿದ್ದರು. ಬರುತ್ತಿದ್ದದ್ದು ಮೂರೇ ಸ್ವರ, ಸ ರಿ ಗ. ಅಷ್ಟರಲ್ಲೇ ನಿಮ್ಮದೇ ಒಂದು ಧಾಟಿ ಕಟ್ಟಿಕೊಂಡು ಬನ್ನಿ, ಯಾವ ಹಾಡಿನಿಂದಲೂ ಎತ್ತಬಾರದು ಎಂದು ಸೋಮವಾರ ಹೇಳಿ ಕಳಿಸಿದ್ದರು. ಚೆನ್ನಾಗಿದ್ದದ್ದನ್ನು ವಾರ್ಷಿಕೋತ್ಸವದಲ್ಲಿ ನುಡಿಸಬೇಕಿತ್ತು.

ಮಲ್ಲಿಕಾ ರೆಕಾರ್ಡರನ್ನು ಬಟ್ಟೆ ಚೀಲದೊಳಗೆ ಇಳಿಸಿ ದಾರ ಬಿಗಿದಳು. "ನಂಗೆ ಬೇರೆ ಎಂತದೂ ಬರಲ್ಲ ಟೀಚರ್" ಎಂದಳು.

ಶ್ರೀವಿದ್ಯಾ ಆ ಧಾಟಿಯನ್ನು ಮನಸ್ಸಿನಲ್ಲೇ ಗುನುಗಿಕೊಂಡರು. ಸ ಗ ಗ, ರಿ ಸ. ಇಪ್ಪತ್ತು ವರ್ಷದ ಹಿಂದೆ, ಬೆಳಿಗ್ಗೆ ಏಳೂ ಮುಕ್ಕಾಲಿಗೆ ಆ ಹಾರ್ನ್ ತಿರುವಿನಾಚೆ ಕೇಳಿದರೆ ತಿನ್ನುತ್ತಿದ್ದ ದೋಸೆಯನ್ನು ಅರ್ಧಕ್ಕೇ ಬಿಟ್ಟು, ಒದ್ದೆ ಕೂದಲಲ್ಲೇ ಓಡಿದ್ದು ನೆನಪಾಯಿತು. ಕೊಪ್ಪದ ಪಕ್ಕದ ಬಾಳಗಡಿಯ ಕಾಲೇಜಿಗೆ ಹೋಗಲು ಅದೊಂದೇ ಬಸ್ಸು. ಊರಿನವರು ಗಡಿಯಾರ ನೋಡುತ್ತಿರಲಿಲ್ಲ, ಹಾರ್ನ್ ಕೇಳುತ್ತಿದ್ದರು. ಆ ಬಸ್ಸು ನಿಂತು ಐದು ವರ್ಷವಾಗಿತ್ತು. ಎದುರಿಗೆ ಕುಳಿತ ಮಕ್ಕಳಲ್ಲಿ ಒಬ್ಬರಿಗೂ ಅದನ್ನು ಹತ್ತಿದ ನೆನಪಿರಲಾರದು.

"ವಿಘ್ನೇಶ ಹೇಳಿದ್ದು ಸರಿ" ಎಂದರು ಶ್ರೀವಿದ್ಯಾ. "ಹಾರ್ನ್ ಬಸ್ಸಿಂದು. ಈಗ ಬಸ್ಸು ಬಂದು ನಿಂತಿದೆ ಮಲ್ಲಿಕಾ. ಆಮೇಲೆ ಎಂತ ಆಗ್ತದೆ? ಅದನ್ನ ನೀನು ಮಾಡು. ಅದು ನಿನ್ನದೇ ಆಗ್ತದೆ."

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಲ್ಲಿಕಾ ಜಗಲಿಯ ಕಂಬಕ್ಕೆ ಒರಗಿ ಊದಿದಳು, ನಿಲ್ಲಿಸಿದಳು, ಮತ್ತೆ ಊದಿದಳು. ಸಂಜೆ ಮೊಮ್ಮಗಳನ್ನು ಕರೆದುಕೊಂಡು ಹೋಗಲು ಮಂಜಪ್ಪ ಬಂದಾಗ ಅವಳ ಧಾಟಿ ಸಿದ್ಧವಾಗಿತ್ತು. ಇಪ್ಪತ್ತಾರು ವರ್ಷ ಆ ಬಸ್ಸು ಓಡಿಸಿದವರು ಅವರೇ.

"ನಿಮಗೋಸ್ಕರ ಎರಡು ಸಲ ಹಾರ್ನ್ ಹಾಕ್ತಿದ್ದೆ ಟೀಚರೇ, ನೆನಪುಂಟಾ?" ಎಂದು ನಗುತ್ತ ಅವರು ಬೆಂಚಿನ ತುದಿಗೆ ಕುಳಿತರು.

"ಮೂರು ಸಲವೂ ಹಾಕಿದ್ದುಂಟು" ಎಂದರು ಶ್ರೀವಿದ್ಯಾ.

ಮಲ್ಲಿಕಾ ನುಡಿಸಿದಳು. ಮೊದಲು ಹಾರ್ನ್. ಅದರ ಬೆನ್ನಿಗೇ ಸ್ವರಗಳು ತಟಪಟನೆ ಮೇಲೇರಿದವು. ಮಂಜಪ್ಪ ತಲೆ ವಾರೆ ಮಾಡಿ ಕೇಳಿದರು. "ಹಾರ್ನ್ ಸರಿಯಾಗಿದೆ. ಆಮೇಲಿನದು ಎಂತದು?"

"ಜನ ಹತ್ತೋದು ಅಜ್ಜ."

"ಅಷ್ಟು ಗಡಿಬಿಡಿ ಎಂತಕ್ಕೆ ಮಾರಾಯ್ತಿ? ಹಾರ್ನ್ ಆದ ಮೇಲೆ ಸ್ವಲ್ಪ ನಿಲ್ಲಿಸು. ಶೇಷಮ್ಮ ಹತ್ತಬೇಕಲ್ಲ."

ಮಂಡಿನೋವಿನ ಶೇಷಮ್ಮ ಕೊಪ್ಪಕ್ಕೆ ಹೂ ಮಾರಲು ಹೋಗುತ್ತಿದ್ದವರು. ಬುಟ್ಟಿಯನ್ನು ಮೊದಲು ಮೇಲಿಟ್ಟು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಏರುತ್ತಿದ್ದರು. ಒಳಗಿದ್ದವರು ಎಷ್ಟು ಗೊಣಗಿದರೂ ಮಂಜಪ್ಪ ಗೇರ್ ಹಾಕುತ್ತಿರಲಿಲ್ಲ. ಶೇಷಮ್ಮ ತೀರಿಕೊಂಡು ಹತ್ತು ವರ್ಷ ಕಳೆದಿತ್ತು. ಶ್ರೀವಿದ್ಯಾ ಅದನ್ನು ಮಗುವಿಗೆ ಹೇಳಲು ಹೋಗಲಿಲ್ಲ.

ಮಲ್ಲಿಕಾ ಮತ್ತೆ ಶುರುಮಾಡಿದಳು. ಹಾರ್ನ್ ಮುಗಿಯುತ್ತಲೇ ತುಟಿಯಿಂದ ರೆಕಾರ್ಡರ್ ತೆಗೆಯದೆ, ಉಸಿರು ಹಿಡಿದು ಅಜ್ಜನನ್ನೇ ನೋಡುತ್ತ ನಿಂತಳು. ಮಂಜಪ್ಪ ಖಾಲಿ ಬಾಗಿಲಿನ ಕಡೆ ನೋಡುತ್ತ ಕಾದರು. ಆಮೇಲೆ ಅವರು ಕಂಡಕ್ಟರನ ಹಾಗೆ ಅಂಗೈಯಿಂದ ಬೆಂಚಿಗೆ ಎರಡು ಸಲ ತಟ್ಟಿ, "ರೈಟ್" ಎಂದರು.