ಕನ್ನಡಕದ ಅಂಗಡಿಯಲ್ಲಿ ಒಂದು ಪ್ರಶ್ನೆ

“ಹಲೋ... ನಿಮಗೆ ಅಂಥ ಕೆಟ್ಟ ಯೋಚನೆ ಏನೂ ಬರ್ತಾ ಇಲ್ಲ, ಅಲ್ವಾ?”

“ಇಲ್ಲ ತಾಯಿ, ಏನೂ ಇಲ್ಲ. ಇಡ್ಲಾ ಫೋನು?” ಕನ್ನಡಕದ ಡಬ್ಬಿಯನ್ನು ರಿಸೀವರಿನಂತೆ ಕಿವಿಗೆ ಹಿಡಿದಿದ್ದ ಸೋದರಮಾವ ಅದನ್ನು ಸೋದರಸೊಸೆಯ ಎದುರು ಟಪ್ಪನೆ ಕೌಂಟರಿನ ಮೇಲಿಟ್ಟ. “ನೋಡಿದ್ಯಾ? ಮನುಷ್ಯ ಕೈತಪ್ಪಿ ಹೋದ.”

ಆತ್ಮಹತ್ಯೆ ತಡೆಯಲೆಂದು ಸರ್ಕಾರ ದೇಶದ ಉದ್ದಗಲಕ್ಕೂ ತೆರೆಯುತ್ತಿದ್ದ ಸಹಾಯವಾಣಿಗೆ ಅವಳು ಸ್ವಯಂಸೇವಕಿಯಾಗಿ ಸೇರಿದ್ದಳು. ಇನ್ನೊಬ್ಬರ ಮಾತು ಕೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತನ್ನ ಸರದಿ ಬಂದರೆ ಮಾತ್ರ ನಾಲಿಗೆ ಒಣಗುತ್ತಿತ್ತು. ಮನೆಯವರ ಬಾಯಲ್ಲಿ ಅವಳು ‘ಪಿಸುಪಿಸು’. “ಆ ಒಂದು ಪ್ರಶ್ನೆ ನೇರವಾಗಿ ಕೇಳೋದು ಕಲಿತು ಬಾ. ಕೇಳಿದ್ರೆ ಯೋಚನೆ ಹುಟ್ಕೊಳ್ಳಲ್ಲ, ಇದ್ದದ್ದು ಹೊರಗೆ ಬರುತ್ತೆ” ಎಂದು ತರಬೇತಿಯ ಮೇಡಂ ಕಳಿಸಿದ್ದರು. ನಾಳೆ ಅವರೆದುರು ಕೇಳಿ ತೋರಿಸಬೇಕು. ಮನೆಯಲ್ಲಿ ಅಭ್ಯಾಸ ಮಾಡೋಣವೆಂದರೆ ಅಮ್ಮ “ಬಿಡ್ತು ಅನ್ನು!” ಎಂದು ಗದರುತ್ತಿದ್ದಳು. ಹಾಗಾಗಿ ಗಿರಾಕಿಗಳಿಲ್ಲದ ಮಧ್ಯಾಹ್ನ ನೋಡಿ ಮಾವನ ಅಂಗಡಿಗೆ ಬಂದಿದ್ದಳು. ಕರೆ ಮಾಡುವವನ ಪಾತ್ರ ಮಾವನದು.

“ತಪ್ಪೆಲ್ಲಿ ಗೊತ್ತಾ?” ಮಾವ ಗೋಡೆಯ ಮೇಲಿನ ಅಕ್ಷರದ ಫಲಕ ತೋರಿಸಿದ. “ಕೊನೇ ಸಾಲು ಕಾಣ್ತಿದೆ ತಾನೆ ಅಂತ ಕೇಳಿದ್ರೆ, ಗೋಡೆ ತಡವ್ಕೊಂಡು ಬಂದವನೂ ಹೂಂ ಅಂತಾನೆ. ಯಾರಿಗೂ ನಪಾಸಾಗೋಕೆ ಇಷ್ಟ ಇಲ್ಲ ಕಣೇ. ನೀನು ಉತ್ತರಾನೂ ಕೈಗಿಟ್ಟು ಪ್ರಶ್ನೆ ಕೇಳ್ತಿದ್ದೀಯ. ಬರೀ ಪ್ರಶ್ನೆ ಕೇಳು. ಆಮೇಲೆ ಬಾಯ್ಮುಚ್ಕೊಂಡು ಕಾಯಿ.”

“ಬಾಯ್ಮುಚ್ಕೊಂಡಿರೋದು ನಂಗೆ ಬರುತ್ತೆ ಮಾವ.”

“ಅದ್ರಲ್ಲಿ ನಿಂಗೆ ಚಿನ್ನದ ಪದಕ!” ಮಾವ ಮತ್ತೆ ಡಬ್ಬಿ ಕಿವಿಗಿಟ್ಟ. “ಹಲೋ, ಯಾರು ಮಾತಾಡ್ತಿರೋದು?”

ಅವಳು ಮಾವನ ಮುಖ ನೋಡದೆ, ಸಾಲಾಗಿ ಜೋಡಿಸಿದ್ದ ಗಾಜಿಲ್ಲದ ಫ್ರೇಮುಗಳನ್ನು ನೋಡುತ್ತ ಉಸಿರೆಳೆದುಕೊಂಡಳು. “ನಿಮಗೆ ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?”

ಅಬ್ಬಾ, ಬಂದಿತ್ತು. ಎಲ್ಲೂ ತೊದಲದೆ ಬಂದಿತ್ತು. ಅವಳು ಕಾದಳು. ಹೊರಗೆ ಬಸ್ಸೊಂದು ಹಾದುಹೋಗಿ ಕಪಾಟಿನ ಗಾಜುಗಳೆಲ್ಲ ಸಣ್ಣಗೆ ನಡುಗಿ ಸುಮ್ಮನಾದವು.

“ಬರ್ತಿದೆ” ಅಂದ ಮಾವ.

“ಏನು ಆ್ಯಕ್ಟಿಂಗು ಮಾವ! ಮೈ ಜುಂ ಅಂತು” ಎಂದು ಅವಳು ಚಪ್ಪಾಳೆ ತಟ್ಟಿಯೇಬಿಟ್ಟಳು. ಮಾವ ನಗಲಿಲ್ಲ. ಮದುವೆ ಮನೆಯಲ್ಲಿ ಊಟದ ಪಂಕ್ತಿಯನ್ನೆಲ್ಲ ನಗಿಸುವ ಮಾವ, ಡಬ್ಬಿಯನ್ನು ಕಿವಿಗೆ ಒತ್ತಿಕೊಂಡೇ, ಆಗಲೇ ಒರೆಸಿಟ್ಟಿದ್ದ ಲೆನ್ಸನ್ನು ಇನ್ನೊಂದು ಕೈಯಲ್ಲಿ ಮತ್ತೆ ಮತ್ತೆ ಉಜ್ಜುತ್ತಿದ್ದ. ಅವಳ ಕೈ ಹಾಗೇ ನಿಂತಿತು.

“ಮಾವ,” ಎಂದಳು. ದನಿ ಮತ್ತೆ ಪಿಸುಮಾತಾಗಿತ್ತು. “ಈಗ ಕೇಳ್ತಿರೋದು ನಿನ್ನ. ನಿಂಗೆ ಹಾಗೆ ಅನ್ನಿಸ್ತಿದೆಯಾ?”

“ಹೂಂ.” ಡಬ್ಬಿ ಈಗ ಕೆಳಗಿಳಿಯಿತು. “ಕಾರಣ ಇಂಥದ್ದೇ ಅಂತ ಇಲ್ಲ ಕಣೇ. ಬೆಳಗ್ಗೆ ಕಣ್ಣು ಬಿಟ್ರೆ, ಯಾಕಾದ್ರೂ ಬಿಟ್ನೋ ಅನ್ಸುತ್ತೆ.”

“ಇವತ್ತೂನಾ?”

“ಬೆಳಗ್ಗೆ ಇತ್ತು. ನೀನು ಬರ್ತೀನಿ ಅಂದಿದ್ದೆಯಲ್ಲ, ಅಂತ ಅಂಗಡಿ ತೆಗೆದೆ.”

ಚೀಲದಲ್ಲಿ ತರಬೇತಿಯ ಹಾಳೆಗಳಿದ್ದವು. ಅವಳು ತೆಗೆಯಲಿಲ್ಲ. ಕೌಂಟರಿನ ಹಲಗೆ ಎತ್ತಿ ಒಳಗೆ ಹೋಗಿ, ಮಾವನ ಪಕ್ಕದ ಸ್ಟೂಲಿನ ಮೇಲೆ ಕೂತು, ಅವನ ಕೈಯಿಂದ ಲೆನ್ಸು ಬಿಡಿಸಿ ಕೆಳಗಿಟ್ಟಳು. ಕೈ ತಣ್ಣಗಿತ್ತು.

“ಅತ್ತೆಗೆ ಗೊತ್ತಾ?”

“ಅವಳದ್ದು ಕನ್ನಡಕ ಇಲ್ದೇ ಸೂಜಿಗೆ ದಾರ ಪೋಣಿಸೋ ಕಣ್ಣು. ಅವಳಿಗೂ ಕಾಣದ ಹಾಗೆ ನೋಡ್ಕೊಂಡೆ. ಅದೇ ದೊಡ್ಡ ಕೆಲಸ ಆಗಿತ್ತು ನೋಡು. ಸುಸ್ತಾಗೋಯ್ತು.”

“ಹೇಳೋಣ ಮಾವ. ನಾನೂ ಇರ್ತೀನಿ, ಎಲ್ಲೂ ಹೋಗಲ್ಲ.”

ಮಾವ ಬೇಡ ಅನ್ನಲಿಲ್ಲ. ಅವಳು ಅತ್ತೆಗೆ ಫೋನು ಮಾಡಿದಳು, ಆಮೇಲೆ ಮೇಡಂಗೆ. “ಒಂಟಿಯಾಗಿ ಬಿಡಬೇಡ. ಇಲ್ಲಿ ನಮ್ಮ ಕೇಂದ್ರದಲ್ಲೇ ಡಾಕ್ಟರು ಇದ್ದಾರೆ, ಈಗಲೇ ಕರ್ಕೊಂಡು ಬಾ” ಎಂದರು ಮೇಡಂ. ಅತ್ತೆ ಅಡುಗೆಮನೆಯ ಚಪ್ಪಲಿಯಲ್ಲೇ ಏದುಸಿರು ಬಿಡುತ್ತ ಬಂದಳು. ಅವಳೂ ಎಲ್ಲಿ “ಬಿಡ್ತು ಅನ್ನಿ” ಅಂದುಬಿಡುತ್ತಾಳೋ ಎಂದು ಹುಡುಗಿ ಅತ್ತೆಯ ಬಾಯನ್ನೇ ನೋಡಿದಳು. ಅತ್ತೆ ಹಾಗೆ ಅನ್ನಲಿಲ್ಲ. ಮಾವನ ತಲೆಯನ್ನು ಹೊಟ್ಟೆಗೆ ಒರಗಿಸಿಕೊಂಡು ನಿಂತಳು. “ಇಷ್ಟು ದಿನ ಒಬ್ರೇ ಹೊತ್ಕೊಂಡು ತಿರುಗಿದ್ರಾ? ನಾನೇನು ಸತ್ತು...” ಎಂದವಳು ನಾಲಿಗೆ ಕಚ್ಚಿಕೊಂಡಳು. ಮಾವನಿಗೆ ನಗು ಬಂದುಬಿಟ್ಟಿತು. ನಗುವಿನ ಬೆನ್ನಿಗೇ ಅಳು. ಮೂವರಿಗೂ ಅದು ಒಟ್ಟಿಗೇ ಬಂತು.

ಹೊರಗೆ ಇನ್ನೂ ಬಿಸಿಲಿತ್ತು. ಅತ್ತೆ ಶಟರ್ ಎಳೆದಳು, ಹುಡುಗಿ ಬೀಗ ಹಾಕಿದಳು. ಮಾವ ಅಂಗೈಯಲ್ಲಿ ಕಣ್ಣೊರೆಸಿಕೊಂಡು ಉದ್ದಕ್ಕೆ ಉಸಿರು ಬಿಟ್ಟ.

“ಅಲ್ವೇ ಪಿಸುಪಿಸು, ಆ ಡಾಕ್ಟರು ‘ಎಲ್ಲಾ ಚೆನ್ನಾಗಿದೆ ತಾನೆ?’ ಅಂತ ಕೇಳಿದ್ರೆ?”

“ಹಾಗೆ ಕೇಳಲ್ಲ ಮಾವ.”

“ಕೇಳಿದ್ರೂ ಹೂಂ ಅನ್ನಲ್ಲ ಬಿಡು” ಎಂದ ಮಾವ, ಅತ್ತೆಯ ಕೈ ಹಿಡಿದು ಮೆಟ್ಟಿಲಿಳಿಯುತ್ತ. “ಪ್ರಶ್ನೆ ತಿದ್ದಿ ಉತ್ತರ ಹೇಳ್ತೀನಿ.”